ಗೋಡೆಯಾಚೆಗೆ 50 ಮೀಟರ್, ರಸ್ತೆಯಲ್ಲಿ 412 ಮೀಟರ್: ಬೆಂಗಳೂರಿನ ಹೊರವಲಯದ ಬೀದಿಗಳು ಏಕೆ ಕೂಡುವುದಿಲ್ಲ?

#1 · ಹೊರವಲಯ

ವರ್ತೂರು, ಸರ್ಜಾಪುರ ರಸ್ತೆ, ಹೊರಮಾವು, ಬೇಗೂರು. ಬೆಂಗಳೂರಿನ ಈ ಯಾವ ಅಂಚನ್ನು ಉಪಗ್ರಹ ಚಿತ್ರದಲ್ಲಿ ತೆರೆದರೂ ಕಾಣುವುದು ಒಂದೇ ಆಕಾರ. ಹಳೆಯ ಹಳ್ಳಿ ರಸ್ತೆಯೇ ಈಗ ಮುಖ್ಯರಸ್ತೆ. ಅದರ ಎರಡೂ ಬದಿಗೆ ಬಾಚಣಿಗೆಯ ಹಲ್ಲಿನಂತೆ ಬಡಾವಣೆ ರಸ್ತೆಗಳು. ಹಲ್ಲಿನ ತುದಿಯಲ್ಲಿ ಕಾಂಪೌಂಡು. ಒಂದು ಹಲ್ಲಿನಿಂದ ಪಕ್ಕದ ಹಲ್ಲಿಗೆ ದಾಟಲು ಸಂದಿಯೂ ಇಲ್ಲ. ಜಯನಗರದ ಚಿತ್ರವನ್ನು ಪಕ್ಕದಲ್ಲಿಟ್ಟರೆ ಎರಡೂ ಒಂದೇ ಊರಿನವು ಅನ್ನಿಸುವುದಿಲ್ಲ.

ಈ ವಿಷಯ ಬಂದಾಗಲೆಲ್ಲ ಮಾತು ಫ್ಲೈಓವರ್, ಸುರಂಗ, ಅಗಲೀಕರಣದ ಕಡೆ ಹೊರಳಿಬಿಡುತ್ತದೆ. ಇಲ್ಲಿ ಬೀದಿಗಳ ಕೂಡುವಿಕೆಯನ್ನಷ್ಟೇ ಹಿಡಿದು ಮಾತಾಡೋಣ. ಕೇಳಬೇಕಾದದ್ದು ಮೂರು. ಊರು ಬೆಳೆದಂತೆ ಬೀದಿಗಳು ಹೀಗೆ ಬಿಡಿಬಿಡಿಯಾಗುವುದು ಏಕೆ? ಅದನ್ನು ಅಂದಾಜಿನಲ್ಲಲ್ಲದೆ ಲೆಕ್ಕದಲ್ಲಿ ತೋರಿಸುವುದು ಹೇಗೆ? ಮನೆಗಳೆಲ್ಲ ಎದ್ದ ಮೇಲೂ ಕೂಡಿಸಲು ಏನಾದರೂ ಉಳಿದಿರುತ್ತದೆಯೇ?

#2 · ಮೋಜಿಣಿ

ಮೊದಲ ಪ್ರಶ್ನೆಗೆ ಉತ್ತರ ಹೊಲದಲ್ಲಿದೆ. ಬಡಾವಣೆಯ ಆಕಾರವನ್ನು ಯೋಜಕರು ನಿರ್ಧರಿಸುವುದಿಲ್ಲ, ಸರ್ವೆ ನಂಬರ್ ನಿರ್ಧರಿಸುತ್ತದೆ.

ನಮ್ಮ ಅಳತೆಯ ಸರಪಳಿ 33 ಅಡಿ, ಅದರಲ್ಲಿ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ 1 ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ 1 ಎಕರೆ. ಅಣ್ಣತಮ್ಮಂದಿರ ಪಾಲಾಗುವಾಗ ಪ್ರತಿ ಹಿಸ್ಸಾಕ್ಕೂ ದಾರಿ ಸಿಗಬೇಕು ಎಂದು ಹೊಲವನ್ನು ಉದ್ದುದ್ದ ಸೀಳುತ್ತಾರೆ. ಹಾಗಾಗಿ ಮಾರಾಟಕ್ಕೆ ಬರುವುದು ಉದ್ದನೆಯ ಪಟ್ಟಿ.

ಒಂದು ಲೆಕ್ಕ ಹಾಕಿ. 2 ಎಕರೆ 10 ಗುಂಟೆ ಜಮೀನು, ಅಂದರೆ 90 ಗುಂಟೆ. ಅಗಲ 5 ಸರಪಳಿ, ಉದ್ದ 18 ಸರಪಳಿ. ಅಡಿಯಲ್ಲಿ 165 ಅಗಲ, 594 ಉದ್ದ. ನಡುವೆ 40 ಅಡಿ ರಸ್ತೆ ಬಿಟ್ಟರೆ ಎರಡೂ ಬದಿಗೆ 62.5 ಅಡಿ ಆಳ ಉಳಿಯುತ್ತದೆ. 40 ಅಡಿ ಮುಖದ ನಿವೇಶನ ಬದಿಗೆ 14, ಒಟ್ಟು 28. ಲೆಕ್ಕ ಸರಳವಾಗಲೆಂದು ಉದ್ಯಾನ, ನಾಗರಿಕ ಸೌಲಭ್ಯದ (ಸಿಎ) ಜಾಗ ಲೆಕ್ಕಕ್ಕೆ ಹಿಡಿದಿಲ್ಲ. ಪಕ್ಕದ ಪಟ್ಟಿಯನ್ನು ಇನ್ನೊಬ್ಬರು ಮೂರು ವರ್ಷ ಬಿಟ್ಟು ಹೀಗೆಯೇ ಕತ್ತರಿಸುತ್ತಾರೆ. ಎರಡು ರಸ್ತೆಗಳ ನಡುವೆ ನೇರ ದೂರ 165 ಅಡಿ, ಸುಮಾರು 50 ಮೀಟರ್. ತುದಿಯ ಮನೆಯಿಂದ ಗೋಡೆಯಾಚೆಯ ಬೀದಿಗೆ ಹೋಗಬೇಕಾದರೆ 594 ಅಡಿ ಹೊರಕ್ಕೆ, ಮುಖ್ಯರಸ್ತೆಯಲ್ಲಿ 165, ಮತ್ತೆ 594 ಒಳಕ್ಕೆ. ಒಟ್ಟು 1,353 ಅಡಿ, 412 ಮೀಟರ್. ಎಂಟು ಪಟ್ಟು.

ಇದೇ ಲೆಕ್ಕದಲ್ಲಿ ಇನ್ನೊಂದು ಮಾತಿದೆ. 594 ಅಡಿಯಲ್ಲಿ 14 ನಿವೇಶನಕ್ಕೆ 560 ಅಡಿ ಹೋಗಿ 34 ಅಡಿ ಮಿಗುತ್ತದೆ. ಅಡ್ಡರಸ್ತೆಗೆ ಬೇಕಾದದ್ದು 30 ಅಡಿ. ಜಾಗ ಇದ್ದೇ ಇದೆ! ಆದರೆ ಆ 34 ಅಡಿ ಬದಿಗೊಂದು ಬೆಸ ಅಳತೆಯ ನಿವೇಶನವಾಗಿ ಮಾರಾಟವಾಗುತ್ತದೆ, ತಲಾ 2,125 ಚದರ ಅಡಿ. ಅಡ್ಡರಸ್ತೆ ಬಿಟ್ಟಿದ್ದರೆ ಹೋಗುತ್ತಿದ್ದದ್ದು 3,750 ಚದರ ಅಡಿ, ಒಟ್ಟು ಜಮೀನಿನ ಶೇ. 3.8. ಈ ಶೇ. 3.8ಕ್ಕಾಗಿ ಎರಡು ಬಡಾವಣೆಗಳು ಶಾಶ್ವತವಾಗಿ ಬೇರೆಯಾಗುತ್ತವೆ.

#3 · ಬೀದಿಲೆಕ್ಕ

ಮೋಜಿಣಿಯವರ ಪಟ್ಟಿಯಿಂದಲೇ ಎರಡನೇ ಪ್ರಶ್ನೆಗೆ ಬರುತ್ತೇನೆ. ಜಂಕ್ಷನ್, ಮೂಲೆ, ಡೆಡ್ ಎಂಡ್ ಎಲ್ಲವನ್ನೂ ಗಂಟು ಎನ್ನಿ. ಎರಡು ಗಂಟುಗಳ ನಡುವಿನ ರಸ್ತೆ ತುಂಡು ಕೊಂಡಿ. ಕೊಂಡಿಗಳನ್ನು ಗಂಟುಗಳಿಂದ ಭಾಗಿಸಿದರೆ ಸಿಗುವ ಅನುಪಾತವೇ ಮೊದಲ ಅಳತೆ.

ಹತ್ತು ಹಲ್ಲಿನ ಬಾಚಣಿಗೆ: ಮುಖ್ಯರಸ್ತೆಯ ಮೇಲೆ 10 ಗಂಟು, ತುದಿಗಳಲ್ಲಿ 10. ಕೊಂಡಿ 9 + 10 = 19. ಅನುಪಾತ 0.95. ಈಗ ಹಲ್ಲುಗಳ ತುದಿಗಳನ್ನು ಒಂದಕ್ಕೊಂದು ಸೇರಿಸಿ. 9 ಕೊಂಡಿ ಹೆಚ್ಚಾಗಿ 28 ಆಗುತ್ತದೆ, ಗಂಟು ಅಷ್ಟೇ 20. ಅನುಪಾತ 1.4. ಅಮೆರಿಕದ ಹಲವು ಊರುಗಳು ಹೊಸ ಬಡಾವಣೆಗೆ ಕನಿಷ್ಠವೆಂದು ಇಟ್ಟುಕೊಂಡಿರುವುದೂ ಇದೇ 1.4ರ ಆಸುಪಾಸು. ಸಾಲಿಗೆ 10ರಂತೆ 100 ಗಂಟಿನ, ಬೀದಿಗಳು ಉದ್ದಕ್ಕೂ ಅಡ್ಡಕ್ಕೂ ಹಾಯುವ ಪೂರ್ಣ ಚೌಕಳಿಯಲ್ಲಿ 180 ಕೊಂಡಿ, 1.8.

ಎರಡನೆಯದು ಸುತ್ತುದೂರ: ರಸ್ತೆ ದೂರವನ್ನು ನೇರ ದೂರದಿಂದ ಭಾಗಿಸುವುದು. ಚೌಕಳಿಯಲ್ಲಿ ಇದು ಅತಿ ಹೆಚ್ಚೆಂದರೆ 1.41, ಎಲ್ಲ ದಿಕ್ಕಿನ ಸರಾಸರಿ 1.27. 1.5 ದಾಟಿದರೆ ನಡೆಯುವವರು ಹಿಂಜರಿಯುತ್ತಾರೆ. ಮೇಲಿನ ಎಂಟು ಪಟ್ಟಿನ ಕಡೆ ಯಾರೂ ಕಾಲೇ ಇಡುವುದಿಲ್ಲ, ಗಾಡಿ ತೆಗೆಯುತ್ತಾರೆ.

ಮೂರನೆಯದು ಗಂಟಿನಿಂದ ಹೊರಡುವ ರಸ್ತೆಗಳ ಸರಾಸರಿ. ಡೆಡ್ ಎಂಡ್‌ಗೆ 1, ಟಿ ಜಂಕ್ಷನ್‌ಗೆ 3, ನಾಲ್ಕು ರಸ್ತೆ ಕೂಡಿದಲ್ಲಿ 4.

ಲೆಕ್ಕಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆ ಮತ್ತು ಅದರ ಬೀದಿಜಾಲವನ್ನು ಎಣಿಸುವ ಪೈಥಾನ್‌ ತಂತ್ರಾಂಶ ಓಎಸ್‌ಎಂಎನ್‌ಎಕ್ಸ್ ಸಾಕು, ಆದರೆ ಅಲ್ಲಿ ಎಡವುವ ಜಾಗಗಳಿವೆ. ಡಿವೈಡರ್ ಇರುವ ರಸ್ತೆಯನ್ನು ನಕ್ಷೆಯಲ್ಲಿ ಎರಡು ಗೆರೆಯಾಗಿ ಎಳೆದಿರುತ್ತಾರೆ. ಹಾಗಾಗಿ ಒಂದು ಜಂಕ್ಷನ್ ನಾಲ್ಕಾಗಿ ಎಣಿಕೆಯಾಗುತ್ತದೆ. ಮೊದಲು ನಕ್ಷೆಯನ್ನು ಮೀಟರಿನಲ್ಲಿ ಅಳೆಯಲು ಬರುವಂತೆ ಯುಟಿಎಂ 43 ಉತ್ತರ ವಲಯಕ್ಕೆ ಪ್ರೊಜೆಕ್ಟ್ ಮಾಡಿ, ಆಮೇಲೆ 10ರಿಂದ 15 ಮೀಟರ್ ಒಳಗಿನ ಗಂಟುಗಳನ್ನು ಒಗ್ಗೂಡಿಸಿ. ವಾರ್ಡಿನ ಗಡಿಗೆ ಸರಿಯಾಗಿ ಕತ್ತರಿಸಿದರೆ ಗಡಿಯಲ್ಲಿ ಸುಳ್ಳು ಡೆಡ್ ಎಂಡ್‌ಗಳು ಹುಟ್ಟುತ್ತವೆ, ಅರ್ಧ ಕಿಲೋಮೀಟರ್ ಹೆಚ್ಚಿಗೆ ಇಳಿಸಿಕೊಂಡು ಆಮೇಲೆ ಒಳಭಾಗವನ್ನಷ್ಟೇ ಎಣಿಸಿ. ಎಲ್ಲಕ್ಕಿಂತ ದೊಡ್ಡ ತಪ್ಪು ಗೇಟಿನದು. ನಕ್ಷೆಯಲ್ಲಿ ರಸ್ತೆ ಕೂಡಿರುತ್ತದೆ, ಸ್ಥಳದಲ್ಲಿ ಬೀಗ ಹಾಕಿದ ಗೇಟು ಇರುತ್ತದೆ. ಅದನ್ನು ನಡೆದೇ ನೋಡಬೇಕು.

#4 · ಅಗಲರಸ್ತೆ

ಲೆಕ್ಕವೆಲ್ಲ ಸರಿ. ಆದರೆ ಒಳರಸ್ತೆಗಳನ್ನು ಕೂಡಿಸಿದ ಮಾತ್ರಕ್ಕೆ ಸರ್ಜಾಪುರ ರಸ್ತೆಯ ದಟ್ಟಣೆ ಕರಗುತ್ತದೆಯೇ? ಮೊದಲು ಮುಖ್ಯರಸ್ತೆ ಅಗಲವಾಗಲಿ. 30 ಅಡಿಯ ಬೀದಿಗಳು ನಗರದ ಸಂಚಾರ ಹೊರುವುದಿಲ್ಲ.

#5 · ನಡಿಗೆ

ನಗರದ ಸಂಚಾರವನ್ನು 30 ಅಡಿ ಬೀದಿ ಹೊರಬೇಕೆಂದು ಯಾರೂ ಹೇಳುತ್ತಿಲ್ಲ ಸರ್. ಈಗ ಆಗುತ್ತಿರುವುದು ತಿರುಗುಮುರುಗು: ಬೀದಿಯ ಸಂಚಾರವನ್ನು ನಗರದ ರಸ್ತೆ ಹೊರುತ್ತಿದೆ. ಹಾಲು, ಔಷಧಿ, ಟ್ಯೂಷನ್, ಪಕ್ಕದ ಬಡಾವಣೆಯ ಶಾಲೆ, ಎಲ್ಲದಕ್ಕೂ ಮುಖ್ಯರಸ್ತೆ ಹತ್ತಲೇಬೇಕು.

ಅಗಲ ಮಾಡಿದಾಗ ಏನಾಗುತ್ತದೆ ನೋಡಿ. ಅಗಲವಾದೊಡನೆ ನಡುವೆ ಡಿವೈಡರ್ ಬರುತ್ತದೆ. ಹಲ್ಲಿನಿಂದ ಹೊರಬಂದವರು ಎಡಕ್ಕಷ್ಟೇ ತಿರುಗಬಹುದು. ಬಲಗಡೆಯ ಮುಂದಿನ ಬಡಾವಣೆಗೆ ಹೋಗಬೇಕಾದರೂ ಮುಂದಿನ ಯು-ಟರ್ನ್ ತನಕ ಹೋಗಿ ಬರಬೇಕು. ರಾಂಗ್ ಸೈಡಿನಲ್ಲಿ ಬರುವ ಸ್ಕೂಟರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. ಅದು ಬರೀ ಶಿಸ್ತಿನ ಪ್ರಶ್ನೆ ಎಂದುಕೊಂಡು ದಂಡ ಹಾಕುತ್ತಾ ಹೋದರೆ ತೀರುವಂಥದ್ದಲ್ಲ, ಬಾಚಣಿಗೆ ಮತ್ತು ಡಿವೈಡರ್ ಸೇರಿದಾಗ ಆಗುವ ಸಹಜ ಪರಿಣಾಮ.

ಬಸ್ಸು, ಮೆಟ್ರೊ ಲೆಕ್ಕವೂ ಇಲ್ಲೇ ಕೆಡುತ್ತದೆ. ನಿಲ್ದಾಣದ ಸುತ್ತ 500 ಮೀಟರ್ ವೃತ್ತ ಎಳೆದರೆ 78.5 ಹೆಕ್ಟೇರ್. ಚೌಕಳಿ ಬೀದಿಗಳಲ್ಲಿ 500 ಮೀಟರ್ ನಡೆದು ತಲುಪುವ ಜಾಗ ವಜ್ರದಾಕಾರದ 50 ಹೆಕ್ಟೇರ್, ಶೇ. 64. ಬಾಚಣಿಗೆಯಲ್ಲಿ ಗೋಡೆ, ಕೆರೆ, ಅಪಾರ್ಟ್‌ಮೆಂಟ್ ಕಾಂಪೌಂಡು ಕಳೆದರೆ ಅದು ಬಹಳ ಕೆಳಗಿಳಿಯುತ್ತದೆ. ಯೋಜನಾ ವರದಿಗಳಲ್ಲಿ ವೃತ್ತ ಎಳೆದು ಇಷ್ಟು ಜನರಿಗೆ ಅನುಕೂಲ ಎಂದು ಬರೆದಿದ್ದರೆ ಆ ಸಂಖ್ಯೆಯನ್ನು ನಂಬಬೇಡಿ. ನಡೆಯುವ ದಾರಿಯ ಮೇಲೆ ಮತ್ತೆ ಎಣಿಸಿ.

#6 · ಪೇಟೆಬೀದಿ

ಇದು ಮೊದಲಿಂದಲೂ ಹೀಗಿರಲಿಲ್ಲ ಎಂಬುದನ್ನು ಸೇರಿಸುತ್ತೇನೆ. ಹಳೆಯ ಬೆಂಗಳೂರಿನ ಪೇಟೆಯ ಓಣಿಗಳು ಕಿರಿದು, ವಕ್ರ. ಆದರೆ ಚಿಕ್ಕಪೇಟೆ, ದೊಡ್ಡಪೇಟೆ ಎಂಬ ಎರಡು ಬೀದಿಗಳ ಕೂಡಿಗೆಯಿಂದ ಹಬ್ಬಿದ ಆ ಜಾಲದಲ್ಲಿ ಎಲ್ಲಿಂದ ಎಲ್ಲಿಗೂ ಹಲವು ದಾರಿಗಳಿವೆ. ದೊಡ್ಡಪೇಟೆ ಅಂದರೆ ಇಂದಿನ ಅವೆನ್ಯೂ ರಸ್ತೆ. ಕಟ್ಟಡಗಳು ಎಷ್ಟೋ ಸಲ ಬಿದ್ದು ಎದ್ದರೂ ಬೀದಿಯ ಗೆರೆ ಇದ್ದಲ್ಲೇ ಇದೆ.

1892ರ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ತುಂಬಿದ ಬಸವನಗುಡಿ ಮತ್ತು ಮಲ್ಲೇಶ್ವರ ನೇರ ಗೆರೆಗಳ ಬಡಾವಣೆಗಳು. ಗಾಳಿ, ಬೆಳಕು, ನೈರ್ಮಲ್ಯ ಅಂದಿನ ಗುರಿ. ಮನೆಗಳ ಹಿಂದೆ ಮಲ, ಕಸ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಸಂದಿ ಕೂಡ ಅದಕ್ಕೇ. ಮೇನ್, ಕ್ರಾಸ್ ಎಂದು ಸಂಖ್ಯೆ ಕೊಟ್ಟು ಬೀದಿ ಕರೆಯುವ ರೂಢಿ ಗಟ್ಟಿಯಾದದ್ದು ಇಂಥ ಚೌಕಳಿಯಿಂದಲೇ. ಮೇನ್‌ಗೆ ಅಡ್ಡ ಹಾಯುವುದರಿಂದ ಅದು ಕ್ರಾಸ್. ಈಗಿನ ಬಡಾವಣೆಗಳಲ್ಲಿ ಆ ಹೆಸರು ಉಳಿದಿದೆ, ಹಾಯುವುದು ನಿಂತಿದೆ. 1945ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ, 1948ರಲ್ಲಿ ಜಯನಗರ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). ಅಲ್ಲಿಯವರೆಗೂ ದೊಡ್ಡ ಜಮೀನನ್ನು ಒಟ್ಟಿಗೆ ಸ್ವಾಧೀನ ಮಾಡಿ ಒಂದೇ ಕೈಯಿಂದ ಬೀದಿ ಎಳೆಯುವ ಪದ್ಧತಿ ಗಟ್ಟಿಯಾಗಿತ್ತು. ಸರ್ವೆ ನಂಬರಿನ ಗಡಿ ಬೀದಿಯೊಳಗೆ ಅಳಿಸಿಹೋಗುತ್ತಿತ್ತು.

ಆಮೇಲೆ ಊರು ಬೆಳೆದ ವೇಗಕ್ಕೆ ಆ ಪದ್ಧತಿ ಸಾಲಲಿಲ್ಲ. 2001ರಲ್ಲಿ ಸುಮಾರು 57 ಲಕ್ಷ ಇದ್ದ ನಗರ ಪ್ರದೇಶದ ಜನಸಂಖ್ಯೆ 2011ಕ್ಕೆ ಸುಮಾರು 85 ಲಕ್ಷ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳು ಪಾಲಿಕೆಗೆ ಸೇರುವ ಹೊತ್ತಿಗೆ ಅಲ್ಲಿ ರೆವಿನ್ಯೂ ನಿವೇಶನಗಳು, ಅಂದರೆ ಬಡಾವಣೆ ಮಂಜೂರಾತಿಯಿಲ್ಲದೆ ಹೊಲದಲ್ಲೇ ಕತ್ತರಿಸಿದ ನಿವೇಶನಗಳು, ಎದ್ದಾಗಿತ್ತು. ಪಾಲಿಕೆಗೆ ಸಿಕ್ಕಿದ್ದು ಯಾರೋ ಹಾಕಿಟ್ಟ ಬೀದಿ. ಸ್ವಾಧೀನದಿಂದ ಕೈಬಿಟ್ಟ ಸರ್ವೆ ನಂಬರುಗಳು ನಡುನಡುವೆ ಉಳಿದುಬಿಟ್ಟರೆ ಪ್ರಾಧಿಕಾರದ ಬಡಾವಣೆಯೂ ಹೀಗೇ ತೂತುತೂತಾಗುತ್ತದೆ.

#7 · ಹುಬ್ಬಳ್ಳಿ_ಓಣಿ

ನಮ್ಮ ಕಡೆನೂ ಇದ ಕಥಿ ನೋಡ್ರಿ. ನಕ್ಷಾ ಮಂಜೂರ ಮಾಡುವಾಗ ಒಂದ ಬಡಾವಣಿ ಒಳಗ ಏನೈತಿ ಅಂತ ನೋಡ್ತಾರ. ಆಜೂಬಾಜೂ ಏನೈತಿ ಅಂತ ನೋಡೂದು ಕಡಿಮಿ. ಉದ್ಯಾನ ಎಷ್ಟ, ರಸ್ತಾ ಎಷ್ಟ ಅಗಲ, ಎಲ್ಲಾ ಒಳಗಿನ ಲೆಕ್ಕ. ಹೊರಗ ಕೂಡೂ ಬಿಂದು ಎಷ್ಟ ಅನ್ನೂದಕ್ಕ ಒಂದು ಕಾಲಂ ಇರಬೇಕಾಗಿತ್ತು.

ನಕ್ಷಾದಾಗ ಮೂರ ಮಾತು ಹುಡುಕ್ರಿ. ಒಂದು, ರಸ್ತಾ ಸರ್ವೆ ನಂಬರ್ ಗಡಿ ತನಕ ಪೂರಾ ಅಗಲದಾಗ ಹೋಗೈತೇನು? ಗಡಿಗಿಂತ ಒಂದೆರಡ ಅಡಿ ಮೊದಲ ನಿಲ್ಲಿಸಿ ಆ ಪಟ್ಟಿ ತಮ್ಮ ಹೆಸರಿನಾಗ ಇಟ್ಕೊಂಡ್ರ ಮುಂದಿನವ ರಸ್ತಾ ಜೋಡಿಸಾಕ ಬರೂದಿಲ್ಲ. ಎರಡು, ಆ ತುದಿ ಮ್ಯಾಲ ‘ಮುಂದೆ ವಿಸ್ತರಿಸುವ ರಸ್ತೆ’ ಅಂತ ಬರದದ ಏನು? ಹಂಗ ಬರದಿಟ್ಟಿದ್ರ ನಿವೇಶನ ತಗೊಂಡವ್ರಿಗೆ ಮೊದಲ ಗೊತ್ತಿರತೈತಿ, ಆಮ್ಯಾಲ ಜಗಳ ಇರಂಗಿಲ್ಲ. ಮೂರು, ರಸ್ತಾದ ಮಟ್ಟ. ಇದು ಬಹಳ ಮಂದಿ ಮರೀತಾರ. ಒಂದ ಬಡಾವಣಿ ನಾಲ್ಕ ಅಡಿ ಮಣ್ಣು ತುಂಬಿ ಎತ್ತರ ಮಾಡಿದ್ರ, ನಕ್ಷಾದಾಗ ಕೂಡಿದ ರಸ್ತಾ ಸ್ಥಳದಾಗ ಗ್ವಾಡಿ ಆಗತೈತಿ.

ಇನ್ನೊಂದು. ರಸ್ತಾ ಕೂಡಲಿಲ್ಲ ಅಂದ್ರ ಅದರ ಕೆಳಗಿನ ನೀರಿನ ಪೈಪೂ ಕೂಡಂಗಿಲ್ಲ. ಡೆಡ್ ಎಂಡ್ ಪೈಪಿನಾಗ ನೀರ ನಿಂತು ಕ್ಲೋರಿನ್ ಇಳೀತದ, ಕೆಸರ ಕೂಡತದ, ತುದಿ ಮನಿಗೆ ಒತ್ತಡ ಸಾಲೂದಿಲ್ಲ. ಒಂದ ಕಡೆ ಒಡದ್ರ ಇಡೀ ಓಣಿಗೆ ನೀರ ಬಂದ್. ಎರಡೂ ಕಡೆ ಕೂಡಿದ್ರ ಒಂದ ವಾಲ್ವ್ ಮುಚ್ಚಿ ಇನ್ನೊಂದ ಕಡೆಯಿಂದ ಕೊಡಬಹುದು. ಕಸದ ಗಾಡಿನೂ ಅಷ್ಟ, ತಿರುಗಾಕ ಜಾಗ ಇಲ್ಲಂದ್ರ ಓಣಿ ಪೂರಾ ರಿವರ್ಸ್ ಬರಬೇಕು. ಹುಡುಗ್ರು ಆಡೂ ಜಾಗದಾಗ ಅದು ಅಪಾಯ ಐತ್ರಿ.

#8 · ರಾಜಕಾಲುವೆ

ಗೋಡೆಗಳ ಬಗ್ಗೆ ಮಾತಾಯಿತು. ಬೆಂಗಳೂರಿನ ಪೂರ್ವ, ಆಗ್ನೇಯದಲ್ಲಿ ಇನ್ನೊಂದು ತಡೆ ಇದೆ, ಕಣಿವೆ. ಕೆರೆಯಿಂದ ಕೆರೆಗೆ ಹರಿಯುವ ಕಾಲುವೆಯ ಎರಡೂ ದಡದಲ್ಲಿ ಬಡಾವಣೆಗಳು, ದಾಟಲು ಕಿಲೋಮೀಟರಿಗೊಂದು ಸೇತುವೆ ಸಿಕ್ಕರೆ ಪುಣ್ಯ. 2007ರ ಮಹಾಯೋಜನೆಯಲ್ಲಿ ಮೊದಲ, ಎರಡನೆಯ, ಮೂರನೆಯ ದರ್ಜೆಯ ಕಾಲುವೆಗಳಿಗೆ 50, 25, 15 ಮೀಟರ್ ಮೀಸಲು ಪಟ್ಟಿ ಇಟ್ಟಿದ್ದಾರೆ. ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು ಹೆಚ್ಚಿಸಿತ್ತು, ಸುಪ್ರೀಂ ಕೋರ್ಟ್ 2019ರಲ್ಲಿ ಆ ಆದೇಶವನ್ನು ತಳ್ಳಿಹಾಕಿತು. ಮೀಸಲು ಪಟ್ಟಿಯಲ್ಲಿ ಮನೆ ಕಟ್ಟಬಾರದು ಎಂಬುದು ಸರಿಯೇ. ಆದರೆ ಅಡ್ಡ ದಾಟುವ ಸೇತುವೆ ಎಲ್ಲೆಲ್ಲಿ ಬರಬೇಕು ಎಂಬುದನ್ನೂ ಅದೇ ನಕ್ಷೆಯಲ್ಲಿ ಗುರುತಿಸಬೇಕಿತ್ತು.

ಕೂಡುವಿಕೆಯ ಉತ್ಸಾಹದಲ್ಲಿ ಆಗುವ ದೊಡ್ಡ ಅನಾಹುತವೂ ಇಲ್ಲಿಯೇ. ಕಾಲುವೆಗೆ 600 ಅಥವಾ 900 ಮಿಲಿಮೀಟರಿನ ಎರಡು ಹ್ಯೂಮ್ (ಕಾಂಕ್ರೀಟ್) ಪೈಪ್ ಇಟ್ಟು ಮೇಲೆ ಮಣ್ಣು ಸುರಿದು ದಾರಿ ಮಾಡುತ್ತಾರೆ. ಒಂದು ಮಳೆಗೆ ಪ್ಲಾಸ್ಟಿಕ್, ತೆಂಗಿನ ಗರಿ ಸೇರಿ ಬಾಯಿ ಕಟ್ಟುತ್ತದೆ, ನೀರು ಹಿಂದಕ್ಕೆ ಏರಿ ಮನೆ ಹೊಗುತ್ತದೆ. 2022ರ ಸೆಪ್ಟೆಂಬರಿನ ನೆರೆಯಲ್ಲಿ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಪಕ್ಕದ ಬಡಾವಣೆಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದಾರೆ. ಕಿರಿದಾದ, ಕಟ್ಟಿಕೊಂಡ ಕಾಲುವೆಗಳು ಅಲ್ಲಿನ ಕಾರಣಗಳಲ್ಲಿ ಒಂದು.

ದಾಟಬೇಕಾದರೆ ಬಾಕ್ಸ್ ಕಲ್ವರ್ಟ್, ಅಂದರೆ ಕಾಂಕ್ರೀಟ್ ಪೆಟ್ಟಿಗೆಯಂಥ ಕಿರುಸೇತುವೆ ಹಾಕಿ. ಅದರ ತೆರಪು ಕಾಲುವೆಯ ಪೂರ್ಣ ಅಡ್ಡಕೊಯ್ತಕ್ಕಿಂತ ಕಡಿಮೆ ಇರಕೂಡದು. ತಳ ಕಾಲುವೆಯ ತಳಕ್ಕೆ ಸಮ ಇರಲಿ. ಚಿಕ್ಕ ಚಿಕ್ಕ ಎರಡು ಕಣ್ಣಿಗಿಂತ ಒಂದೇ ದೊಡ್ಡ ಕಣ್ಣು ಮೇಲು, ಏಕೆಂದರೆ ಕಸ ಸಿಕ್ಕಿಕೊಳ್ಳುವುದು ನಡುಗೋಡೆಗೆ. ನೀರಿನ ಪೈಪು, ಕೇಬಲ್ಲುಗಳನ್ನು ಕಣ್ಣಿನೊಳಗೆ ಅಡ್ಡ ಹಾಯಿಸಲು ಬಿಡಬೇಡಿ. ಒಂದು ಪೈಪು ಸಾಕು, ಬಲೆಯಂತೆ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ವಾಹನ ಬೇಡದ ಕಡೆ ನಡೆಯುವವರಿಗೆ, ಸೈಕಲ್ಲಿಗೆ ಉಕ್ಕಿನ ಕಾಲುಸೇತುವೆ ಸಾಕು. ನೀರಿಗೆ ಅದು ಅಡ್ಡಿಯೇ ಅಲ್ಲ.

#9 · ಕುಡ್ಲ_ಗುಡ್ಡೆ

ಮಂಗಳೂರಿನ ಮಟ್ಟಿಗೆ ಒಂದು ಮಾತು. ನಮ್ಮಲ್ಲಿ ಗುಡ್ಡೆ, ಬೈಲು ಇರುವುದರಿಂದ ಚೌಕಳಿ ಆಗುವುದೇ ಇಲ್ಲ, ಡೆಡ್ ಎಂಡ್ ಎಷ್ಟು ಬೇಕಾದರೂ ಉಂಟು. ಹಾಗೆಂದು ಕೂಡಿಸಲಿಕ್ಕೆ ಆಗುವುದಿಲ್ಲ ಅಂತ ಅಲ್ಲ ಮಾರಾಯ್ರೆ. ರಸ್ತೆ ಸುತ್ತಿ ಹೋಗುವಲ್ಲಿ ಮೆಟ್ಟಿಲು ದಾರಿ ನೇರ ಇಳಿಯುತ್ತದೆ. ಲೆಕ್ಕ ಮಾಡುವಾಗ ಕಾರಿನ ಜಾಲ ಬೇರೆ, ನಡಿಗೆಯ ಜಾಲ ಬೇರೆ ಅಂತ ಎರಡು ಮಾಡಿ. ಮೆಟ್ಟಿಲು ನಕ್ಷೆಯಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ. ಇಲ್ಲದಿದ್ದರೆ ಗುಡ್ಡೆಯ ಊರುಗಳೆಲ್ಲ ಕಾಗದದಲ್ಲಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತವೆ.

#10 · ಸಂಘದ_ಕಡೆಯಿಂದ

ನಿವಾಸಿಗಳ ಕಡೆಯ ಮಾತನ್ನೂ ಕೇಳಬೇಕು. ಗೋಡೆ ಒಡೆದ ಮರುದಿನವೇ ಬೆಳಗಿನ ಎಂಟು ಗಂಟೆಗೆ ಇಡೀ ಮುಖ್ಯರಸ್ತೆಯ ವಾಹನಗಳು ಒಳಗೆ ನುಗ್ಗುತ್ತವೆ ಎಂಬ ಭಯ ಸುಳ್ಳಲ್ಲ. ಒಂದೇ ಒಂದು ಕೊಂಡಿ ತೆರೆದರೆ ಅದೇ ಆಗುವುದು. ಇಂದಿರಾನಗರದ 100 ಅಡಿ ರಸ್ತೆ ಮನೆಗಳ ಬೀದಿಯಾಗಿದ್ದದ್ದು ಏನಾಯಿತು ಎಂದು ಜನ ಬೊಟ್ಟು ಮಾಡುತ್ತಾರೆ. ಮಕ್ಕಳು, ವಯಸ್ಸಾದವರು ಇರುವ ಬೀದಿಯಲ್ಲಿ ಇದನ್ನು ತಳ್ಳಿಹಾಕುವಂತಿಲ್ಲ.

#11 · ನಡಿಗೆ

ನೀವು ಹೇಳಿದ ‘ಒಂದೇ ಒಂದು ಕೊಂಡಿ’ ಎಂಬುದೇ ಇಲ್ಲಿ ಮುಖ್ಯ. ಒಂದು ತೆರೆದರೆ ಹೊರೆಯೆಲ್ಲ ಅದರ ಮೇಲೆ. ಆರು ತೆರೆದರೆ ಹಂಚಿಹೋಗುತ್ತದೆ. ಹಾಗಾಗಿ ಬಿಡಿಬಿಡಿಯಾಗಿ ಕೇಳದೆ ಅಕ್ಕಪಕ್ಕದ ಸಂಘಗಳು ಒಟ್ಟಿಗೆ ಕೇಳುವುದು ಒಳ್ಳೆಯದು.

ವಾಹನ ಬೇಡವೇ ಬೇಡ ಎನ್ನುವ ಕಡೆ ಬೊಲ್ಲಾರ್ಡ್, ಅಂದರೆ ದಾರಿಗೆ ಅಡ್ಡಲಾಗಿ ನೆಡುವ ಗಿಡ್ಡ ಕಂಬಗಳು ಇವೆ. ಅದರ ಅಂತರದಲ್ಲಿ ತಪ್ಪು ಮಾಡುವವರೇ ಹೆಚ್ಚು. ಆಟೊ ಅಗಲ 1.3 ಮೀಟರ್, ಗಾಲಿಕುರ್ಚಿಗೆ ಬೇಕಾದದ್ದು 0.9 ಮೀಟರ್. ಬೊಲ್ಲಾರ್ಡುಗಳ ನಡುವೆ 1.2 ಮೀಟರ್ ಬಿಟ್ಟರೆ ಕಾರು, ಆಟೊ ನಿಲ್ಲುತ್ತವೆ, ಗಾಲಿಕುರ್ಚಿ, ಸೈಕಲ್ ಸಾಗುತ್ತವೆ. ಸ್ಕೂಟರನ್ನು ಮಾತ್ರ ತಡೆಯಲಾಗದು. ಅದರ ಹ್ಯಾಂಡಲ್ ಗಾಲಿಕುರ್ಚಿಗೆ ಬೇಕಾದ ಅಗಲಕ್ಕಿಂತ ಕಿರಿದು. ಸ್ಕೂಟರ್ ತಡೆಯಲೆಂದು ಸಂದಿಯನ್ನು 60 ಸೆಂಟಿಮೀಟರಿಗೆ ಇಳಿಸಿದರೆ ಗಾಲಿಕುರ್ಚಿಯವರಿಗೆ, ಗರ್ಭಿಣಿಯರಿಗೆ, ಮಗುವಿನ ಗಾಡಿಗೆ ದಾರಿ ಮುಚ್ಚಿದಂತೆ. ಸ್ಕೂಟರ್ ನಿಧಾನಿಸುವ ಹಾಗೆ ಮಾಡಿ, ಅದನ್ನು ಒಪ್ಪಿಕೊಳ್ಳಿ. ನಡುವಿನ ಬೊಲ್ಲಾರ್ಡ್ ಬೀಗ ತೆಗೆದು ಕಳಚುವಂತಿರಲಿ, ಆಂಬುಲೆನ್ಸಿಗೆ ಬೇಕು. ಬೀಗದ ಕೈ ಎರಡೂ ಬಡಾವಣೆಯ ಕಾವಲುಗಾರರ ಬಳಿ ಇರಲಿ.

ವಾಹನ ಬಿಡುವ ಕೊಂಡಿಯಲ್ಲಿ ಹಂಪ್ ಹಾಕುವುದಾದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಐಆರ್‌ಸಿ 99ರ ಅಳತೆ ಹಿಡಿಯಿರಿ, 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಬೀದಿಗಳಲ್ಲಿ ಕಾಣುವ ಒಂದಡಿ ಅಗಲದ ಚೂಪು ದಿಣ್ಣೆ ಬೆನ್ನು ಮುರಿಯುತ್ತದೆ, ವೇಗ ತಗ್ಗಿಸುವುದು ಮಾತ್ರ ಅಲ್ಲಿಯ ಎರಡು ಮೀಟರಿನಲ್ಲಿ.

#12 · ಬೀದಿಲೆಕ್ಕ

ಬೇರೆ ದೇಶಗಳಲ್ಲಿ ಬೀದಿಗಳ ಈ ಬಿಡಿತನ ಹಿಮ್ಮೆಟ್ಟಿದ ಉದಾಹರಣೆ ಇದೆ. ಬ್ಯಾರಿಂಗ್ಟನ್-ಲೀ ಮತ್ತು ಮಿಲರ್ಡ್-ಬಾಲ್ ಎಂಬ ಸಂಶೋಧಕರು ಅಮೆರಿಕದ ಒಂದು ಶತಮಾನದ ಬೀದಿಗಳನ್ನು ಅಳೆದಾಗ ಹೊಸ ಬೀದಿಗಳ ಬಿಡಿತನ 1994ರ ಸುಮಾರಿಗೆ ತುತ್ತತುದಿ ಮುಟ್ಟಿ, 2012ರ ವೇಳೆಗೆ ಶೇ. 9ರಷ್ಟು ಇಳಿದದ್ದು ಕಂಡಿತು. ಮೊದಲು ಹಾಕಿದ ಬೀದಿ ಮುಂದಿನ ಬೀದಿಗಳನ್ನೂ ತನ್ನಂತೆಯೇ ಮಾಡಿಕೊಳ್ಳುತ್ತದೆ ಎಂಬುದೂ ಅವರ ಮುಖ್ಯ ಮಾತು. ವರ್ಜೀನಿಯಾ ರಾಜ್ಯ 2009ರಲ್ಲಿ ತಂದ ನಿಯಮ ಸರಳ: ಪಕ್ಕಕ್ಕೆ ಕೂಡದ ಬಡಾವಣೆಯ ರಸ್ತೆಯನ್ನು ಸರ್ಕಾರ ನಿರ್ವಹಣೆಗೆ ತೆಗೆದುಕೊಳ್ಳುವುದಿಲ್ಲ. ಚೀನಾ 2016ರಲ್ಲಿ ಹೊಸ ಗೇಟು ಬಡಾವಣೆ ಬೇಡ ಎಂಬ ಮಾರ್ಗಸೂಚಿ ಹೊರಡಿಸಿತು.

ನನಗೆ ನಮಗೆ ಹತ್ತಿರವೆನಿಸುವುದು ಅಹಮದಾಬಾದ್. ಅಲ್ಲಿ ನಗರ ಯೋಜನಾ (ಟಿಪಿ) ಸ್ಕೀಮ್ ಮೂಲಕ ನೂರಾರು ಎಕರೆಯನ್ನು ಒಟ್ಟುಗೂಡಿಸಿ, ಪ್ರತಿಯೊಬ್ಬರಿಂದ ಒಂದು ಪಾಲು ರಸ್ತೆ, ಉದ್ಯಾನಕ್ಕೆ ತೆಗೆದುಕೊಂಡು, ಉಳಿದದ್ದನ್ನು ಚೊಕ್ಕ ಆಕಾರದ ತುಂಡಾಗಿ ಅದೇ ಮಾಲೀಕನಿಗೆ ಹಿಂದಿರುಗಿಸುತ್ತಾರೆ. ಮೋಜಿಣಿಯವರು ಹೇಳಿದ ಉದ್ದ ಪಟ್ಟಿ ಅಲ್ಲಿಗೆ ಅಳಿಯುತ್ತದೆ. 76 ಕಿಲೋಮೀಟರಿನ ಸರ್ದಾರ್ ಪಟೇಲ್ ವರ್ತುಲ ರಸ್ತೆಗೂ ಹೆಚ್ಚಿನ ಜಾಗ ಸಿಕ್ಕಿದ್ದು ಈ ದಾರಿಯಲ್ಲಿ. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇಂಥ ಸ್ಕೀಮಿಗೆ ಅವಕಾಶ ಇದೆ. ಅದನ್ನು ಬಳಸದೆ ಬಿಟ್ಟದ್ದಕ್ಕೆ ಊರು ಬಹಳ ದುಬಾರಿ ಬೆಲೆ ತೆರುತ್ತಿದೆ.

#13 · ಹೊರವಲಯ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆಗೆ ಇನ್ನೂ ಸ್ವಲ್ಪ ಬೇಕು. ಮನೆಗಳು ಎದ್ದಾಗಿದೆ, ಟಿಪಿ ಸ್ಕೀಮ್‌ಗೆ ಖಾಲಿ ಜಮೀನಿಲ್ಲ. ಆಗ ಕೂಡಿಸುವ ದಾರಿಯನ್ನು ಎಲ್ಲಿ ಹುಡುಕುವುದು? ಗೇಟು ಹಾಕಿದ ರಸ್ತೆಗಳ ಕಾನೂನು ಸ್ಥಿತಿ ಏನು?

#14 · ಮೋಜಿಣಿ

ಗೇಟಿನದು ಮೊದಲು. ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಉದ್ಯಾನಗಳನ್ನು ಪರಿತ್ಯಾಜನಾ ಪತ್ರದ ಮೂಲಕ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿರುತ್ತಾರೆ. ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದ್ದು, ಗೇಟು ಹಾಕಿ ಹೊರಗಿನವರನ್ನು ತಡೆಯುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಹೇಳಿದೆ. ಹಾಗಾಗಿ ಮಂಜೂರಾದ ನಕ್ಷೆಯ ಪ್ರತಿ ಮತ್ತು ಆ ಪತ್ರದ ಪ್ರತಿ, ಎರಡನ್ನೂ ಮಾಹಿತಿ ಹಕ್ಕಿನಲ್ಲಿ ತೆಗೆಸಿ. ಪತ್ರದ ಷೆಡ್ಯೂಲಿನಲ್ಲಿ ಆ ರಸ್ತೆಯ ಅಳತೆ, ಚಕ್ಕುಬಂದಿ ಇದೆಯೇ ನೋಡಿ. ಅಪಾರ್ಟ್‌ಮೆಂಟ್ ಸಮುಚ್ಚಯದ ಒಳದಾರಿ ಬೇರೆ ವಿಷಯ, ಅದು ಖಾಸಗಿಯಾಗಿಯೇ ಉಳಿದಿರಬಹುದು. 20 ಎಕರೆಯ ಚೌಕ ಸಮುಚ್ಚಯದ ಒಂದು ಬದಿ 285 ಮೀಟರ್. ಅದನ್ನು ಸುತ್ತಿಕೊಂಡು ಹಿಂದಕ್ಕೆ ಹೋಗಲು 570 ಮೀಟರ್. ಅಂಥದ್ದು ಮಂಜೂರಾಗುವ ಮೊದಲೇ ಅಂಚಿನಲ್ಲಿ ಸಾರ್ವಜನಿಕ ರಸ್ತೆ ಕೇಳಬೇಕು, ಆಮೇಲೆ ಸಿಗುವುದಿಲ್ಲ.

ಇನ್ನು ಹಳೆಯ ದಾರಿಗಳು. ನಕಾಶೆ ಕಂಡ ದಾರಿ ಎನ್ನುತ್ತೇವಲ್ಲ, ಅದೇ. ಗ್ರಾಮ ನಕಾಶೆ 1:7,920 ಪ್ರಮಾಣದ್ದು, ಅಂದರೆ 8 ಇಂಚಿಗೆ 1 ಮೈಲಿ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಸಿಗುತ್ತದೆ. ಕಾಲುದಾರಿಗೆ ಒಂಟಿ ಚುಕ್ಕೆಗೆರೆ, ಬಂಡಿದಾರಿಗೆ ಜೋಡಿ ಗೆರೆ. ಅದು ಹಾದುಹೋಗುವ ಸರ್ವೆ ನಂಬರುಗಳನ್ನು ಬರೆದುಕೊಂಡು ಪ್ರತಿಯೊಂದರ ವಿಸ್ತೀರ್ಣ, ಕಂದಾಯ ನಮೂದಾಗಿರುವ ಆಕಾರ್‌ಬಂದ್ ತೆಗೆಸಿ, ಖರಾಬು ಕಾಲಂ ನೋಡಿ. ‘ಎ’ ಖರಾಬು ಸಾಗುವಳಿಗೆ ಬಾರದ ಜಾಗ. ‘ಬಿ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ್ದು, ಅದನ್ನು ಯಾರೂ ಮಾರುವಂತಿಲ್ಲ. ‘ಬಿ’ ಖರಾಬಿನಲ್ಲಿ 2 ಗುಂಟೆ, 3 ಗುಂಟೆ ಎಂದಿದ್ದರೆ ಮೂಲ ಅಳತೆಯ ದಾಖಲೆಯಾದ ಟಿಪ್ಪಣಿ ಪ್ರತಿಯಲ್ಲಿ ಅದರ ಅಗಲ, ತಿರುವು ಸರಪಳಿ-ಆಣೆಯಲ್ಲಿ ನಮೂದಾಗಿರುತ್ತದೆ. ಉದಾಹರಣೆಗೆ 8 ಆಣೆ ಅಗಲ ಅಂದರೆ ಹದಿನಾರೂವರೆ ಅಡಿ. ಇಬ್ಬರು ಎದುರುಬದುರು ಆರಾಮವಾಗಿ ಸೈಕಲ್ ಓಡಿಸಬಹುದು.

ಸ್ಥಳದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ತಿಳಿಯುತ್ತದೆ. ಅದು ಹುಡುಕಾಟಕ್ಕೆ ಮಾತ್ರ, ಗಡಿಗೆ ಸಾಕ್ಷಿಯಲ್ಲ. ಫೋನಿನ ಜಿಪಿಎಸ್ ಐದಾರು ಮೀಟರ್ ಆಚೀಚೆ ಆಗುತ್ತದೆ, ನಾವು ಹುಡುಕುತ್ತಿರುವ ದಾರಿಯ ಅಗಲವೇ ಅಷ್ಟು. ದಾಖಲೆ ಕೈಗೆ ಬಂದ ಮೇಲೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆಯರಿಂದ ಅಳತೆ ಮಾಡಿಸಿ, ಎರಡೂ ಬದಿಯವರಿಗೆ ನೋಟಿಸ್ ಹೋಗಿರಬೇಕು. ನೋಟಿಸ್ ಇಲ್ಲದೆ ಮಾಡಿದ ಅಳತೆ ಮೇಲ್ಮನವಿಯಲ್ಲಿ ಬಿದ್ದುಹೋಗುತ್ತದೆ. ಕಲ್ಲು ನೆಟ್ಟ ದಿನವೇ ಫೋಟೊ ತೆಗೆದು ಮಹಜರಿಗೆ ಸಹಿ ಹಾಕಿಸಿಕೊಳ್ಳಿ.

#15 · ಬೀದಿಲೆಕ್ಕ

ಹಾಗೆ ಸಿಕ್ಕ ದಾರಿಗಳನ್ನೆಲ್ಲ ಒಂದೇ ಸಲ ಬೆನ್ನು ಹತ್ತಬೇಡಿ. ಪ್ರತಿಯೊಂದನ್ನೂ ನಕ್ಷೆಯ ಜಾಲಕ್ಕೆ ಒಂದೊಂದಾಗಿ ಸೇರಿಸಿ, ಶಾಲೆ, ಬಸ್ ನಿಲ್ದಾಣ, ಆರೋಗ್ಯ ಕೇಂದ್ರಕ್ಕೆ ಎಷ್ಟು ಮನೆಗಳ ನಡಿಗೆ ದೂರ ಎಷ್ಟು ಇಳಿಯಿತು ಎಂದು ಎಣಿಸಿ. ಹೆಚ್ಚು ಇಳಿಸುವ ಎರಡು ಮೂರು ಕೊಂಡಿಗಳಿಗೆ ಮೊದಲ ಅರ್ಜಿ. ಸಾಮಾನ್ಯವಾಗಿ ಅವು ಮುಖ್ಯರಸ್ತೆಯಿಂದ ಅತಿ ದೂರದ, ಹಲ್ಲುಗಳ ತುದಿಯ ಕೊಂಡಿಗಳೇ ಆಗಿರುತ್ತವೆ. ನೆಲಮಂಗಲ, ಆನೇಕಲ್, ಹೊಸಕೋಟೆ ಕಡೆ ಕೆಲಸ ಮಾಡುವವರು ಯೋಜನಾ ಪ್ರಾಧಿಕಾರಗಳ ಗಡಿಯ ಎರಡೂ ಬದಿಯ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿ. ಒಂದರಲ್ಲಿ 18 ಮೀಟರಿನ ರಸ್ತೆ ಬರುವ ಜಾಗದಲ್ಲಿ ಇನ್ನೊಂದರಲ್ಲಿ ನಿವೇಶನ ಇದ್ದರೆ, ಎರಡೂ ಕಡೆ ಇನ್ನೂ ರಾಗಿ ಹೊಲ ಇರುವಾಗಲೇ ಆಕ್ಷೇಪಣೆ ಸಲ್ಲಿಸಬೇಕು.